ಅಳಿವೆ

ಇಪ್ಪತ್ತೆರಡು ವರ್ಷ ಕಪ್ಪೆಯ ಹೃದಯ ಬಿಡಿಸಿದವಳು ನಾನು,
ಕಾಲೇಜಿನ ಮಕ್ಕಳ ರೆಕಾರ್ಡ್ ಪುಸ್ತಕದಲ್ಲಿ.
ಎಚ್‌ಬಿ ಪೆನ್ಸಿಲ್ಲು, ಮೊನೆ ಚೂಪಿರಬೇಕು,
ಗೆರೆ ಒಂದೇ ಎಳೆತಕ್ಕೆ, ಕೈ ಎತ್ತದೆ,
ನೆರಳು ಕೂಡದು, ಬೇಕಾದರೆ ಚುಕ್ಕಿ.
ಎಡಕ್ಕೆ ಚಿತ್ರ, ಬಲಕ್ಕೆ ಹೆಸರು,
ನಡುವೆ ಸ್ಕೇಲಿಟ್ಟು ಎಳೆದ ಬಾಣ.

ಕಪ್ಪೆಯ ಹೃದಯಕ್ಕೆ ಮೂರು ಕೋಣೆ;
ಬೊಕ್ಕಪಟ್ಣದ ನಮ್ಮ ಮನೆಗೆ ಎರಡೇ.

ಪುಟಕ್ಕೆ ಹದಿನೈದು ರೂಪಾಯಿ,
ಜಿರಳೆಯ ಬಾಯಿಗೆ ಇಪ್ಪತ್ತು, ಅದರಲ್ಲಿ ಭಾಗಗಳು ಹೆಚ್ಚು.
ಕಪ್ಪೆ ಕೊಯ್ಯುವುದು ನಿಂತರೂ ಚಿತ್ರ ನಿಲ್ಲಲಿಲ್ಲ.
"ವಾರಿಜಕ್ಕ, ನಾಳೆಗೇ ಬೇಕು" ಎಂದು
ಲ್ಯಾಬಿನ ಬಾಗಿಲಲ್ಲಿ ಕೈ ಹಿಸುಕಿಕೊಂಡು ನಿಂತವರಲ್ಲಿ
ಕೆಲವರು ಈಗ ಡಾಕ್ಟರರು.
ಅವರ ಅಂಕಗಳಲ್ಲಿ ನನ್ನ ಚುಕ್ಕಿಗಳೂ ಉಂಟು.
ಯಾರಿಗೂ ಹೇಳಬೇಡಿ.

ಬಣ್ಣದ ಡಬ್ಬಿ ನಾನು ಕೊಂಡದ್ದಲ್ಲ.
ಯಾವಳೋ ಹುಡುಗಿ ಸಿಂಕಿನ ಹತ್ತಿರ ಮರೆತು ಹೋದದ್ದು:
ಹನ್ನೆರಡು ಬಿಲ್ಲೆ. ಹಳದಿ ತಳ ಕಂಡಿತ್ತು,
ಹಸಿರನ್ನು ಮುಟ್ಟಿರಲೇ ಇಲ್ಲ.
ಒಂದು ವಾರ ಕಾದೆ, ಯಾರೂ ಕೇಳಲಿಲ್ಲ.
ಬುತ್ತಿಯ ಚೀಲಕ್ಕೆ ಹಾಕಿಕೊಂಡೆ,
ಕದ್ದವಳ ಹಾಗೆ ಬೆವರುತ್ತ.

ಮೊದಲು ಒಂದು ಹಲಸಿನ ಎಲೆ.
ಗೆರೆ ಎಳೆದು ಒಳಗೆ ಹಸಿರು ತುಂಬಿದೆ,
ಕೈಯ ರೂಢಿ, ಬಲಕ್ಕೆ ಬಾಣವನ್ನೂ ಎಳೆದೆ.
ನೀರು ಗೆರೆ ದಾಟಿತು.
ಒರೆಸಿದೆ. ಮತ್ತೆ ದಾಟಿತು.
ಎಲೆ ಹೋಗಿ ಫಾರ್ಮಲಿನ್ ಜಾಡಿಯ ಕಪ್ಪೆಯಂತೆ
ಬಿಳಿಚಿಕೊಂಡು ಊದಿತು.

ಆಟಿಯಲ್ಲಿ ಈ ಊರಿನಲ್ಲಿ ಕಾಗದ ಒಣಗುವುದಿಲ್ಲ.
ಫ್ರಿಜ್ಜಿನ ಬೆನ್ನಿಗೆ ಆನಿಸಿ, ಅಕ್ಕಿ ಡಬ್ಬಿಯ ಮೇಲಿಟ್ಟು,
ಲಂಗಗಳ ಜೊತೆ ಹಗ್ಗಕ್ಕೆ ಕ್ಲಿಪ್ಪು ಹಾಕಿ
ಮೂರನೆಯ ದಿನ ನೋಡಿದರೆ
ಆಕಾಶಕ್ಕೆಂದು ಬಿಟ್ಟ ಜಾಗದಲ್ಲಿ ಬೂಷ್ಟು ಹಿಡಿದಿತ್ತು.
"ಎಂತ ಮಾರಾಯ್ತಿ, ಇದನ್ನು ಬಿಸಾಡುವುದಲ್ಲವಾ?" ಅಂದರು ಇವರು.
ನಾನು ಮರುದಿನ ಲ್ಯಾಬಿಗೆ ಒಯ್ದು
ಭೂತಗನ್ನಡಿಯ ಕೆಳಗಿಟ್ಟೆ.
ಎಷ್ಟು ಹುಡುಕಿದರೂ ಅದರ ಅಂಚಿಗೆ ಗೆರೆ ಸಿಗಲಿಲ್ಲ.

ಮಳೆ ಬಿಟ್ಟ ಮೇಲೆ, ಭಾನುವಾರಗಳಲ್ಲಿ,
ಸುಲ್ತಾನ್ ಬತ್ತೇರಿಯಲ್ಲಿ ದೋಣಿ ಹತ್ತಿ
ತಣ್ಣೀರುಬಾವಿಗೆ ದಾಟತೊಡಗಿದೆ.
ಗಾಳಿಮರದ ಬುಡ, ಮಡಿಲಲ್ಲಿ ಪ್ಲೈವುಡ್ಡಿನ ತುಂಡು,
ಎದುರಿಗೆ ಒಂಟಿ ಕಾಲಿನ ಕೊಕ್ಕರೆ.
ಬಿಳಿಯ ಬಿಲ್ಲೆ ಮುಗಿಯುವ ತನಕ ತಿಕ್ಕಿದೆ.
ಒಣಗಿದಾಗ ಅದು ಸುಣ್ಣ ಬಳಿದ ಕಂಬ.
ಮರುವಾಯಿ ಹೆಕ್ಕುತ್ತಿದ್ದ ಹೆಂಗಸೊಬ್ಬಳು
ಬುಟ್ಟಿ ಸೊಂಟಕ್ಕೇರಿಸಿ ಬಗ್ಗಿ ನೋಡಿದಳು:
"ಕೊಕ್ಕರೆ ಇಷ್ಟು ಭಾರ ಇರ್ತದಾ?"
ಉತ್ತರಕ್ಕೆ ಕಾಯದೆ ಹೋದಳು.
ಆ ರಾತ್ರಿ ನನಗೆ ನಿದ್ದೆಯಿಲ್ಲ.

ಮುಂದಿನ ವಾರ ನಾನು ಕೊಕ್ಕರೆಯ ತಂಟೆಗೆ ಹೋಗಲಿಲ್ಲ.
ಕೆಸರನ್ನು ಬಿಡಿಸಿದೆ. ಕೆಸರಿನ ಹೊಳಪು,
ಕಾಂಡ್ಲದ ಬೇರು, ಬೇರಿಗೆ ಸಿಕ್ಕಿಬಿದ್ದ ಚಪ್ಪಲಿ,
ಹಿಂದೆ ಹೊಳೆ.
ಅದು ನಿಂತಿದ್ದಷ್ಟು ಜಾಗ ಬಿಟ್ಟೆ, ಬರಿಯ ಕಾಗದ.
ಬಂದು ನಿಂತಿತು.
ಹಾರಿದರೂ ಹಾರೀತು ಎಂದು ಉಸಿರು ಬಿಗಿಹಿಡಿದೆ.

ಅವತ್ತೇ ಬಾಟಲಿಯ ನೀರು ಮುಗಿದದ್ದು.
ಎಂಥ ಸೆಕೆ, ಪೂರ್ತಿ ಕುಡಿದುಬಿಟ್ಟಿದ್ದೆ.
ಸೆರಗು ಸಿಕ್ಕಿಸಿ ಹೊಳೆಗಿಳಿದು ಕುಂಚ ಅದ್ದಿದೆ.
ಅಳಿವೆಯಿಂದ ಭರತ ಏರುವ ಹೊತ್ತು,
ನೀರು ಪೂರಾ ಸಿಹಿಯಲ್ಲ, ಪೂರಾ ಉಪ್ಪೂ ಅಲ್ಲ.
ಮನೆಯಲ್ಲಿ ದೀಪದ ಕೆಳಗೆ ನೋಡಿದರೆ
ನೀಲಿಯನ್ನು ಅತ್ತಿತ್ತ ಸರಿಸಿ
ಉಪ್ಪು ತನಗೆ ಬೇಕಾದಲ್ಲೆಲ್ಲ ಕೂತಿತ್ತು.
ಚುಕ್ಕಿ, ಚುಕ್ಕಿ, ಚುಕ್ಕಿ.
ಇಪ್ಪತ್ತೆರಡು ವರ್ಷ ನಾನಿಟ್ಟದ್ದರಲ್ಲಿ
ಒಂದೂ ಇಷ್ಟು ಸರಿಯಾಗಿ ಬಿದ್ದಿರಲಿಲ್ಲ.

ಸೋಮವಾರ ಮತ್ತೆ ಜಿರಳೆಯ ಬಾಯಿ, ಒಂಬತ್ತು ಪುಸ್ತಕ.
ಏಳನೆಯದರಲ್ಲಿ ಮೇಲ್ದುಟಿಯ ಹತ್ತಿರ ಕೈ ತಾನಾಗಿ ಎದ್ದಿತು.
ಅಲ್ಲಿಗೆ ಬೆಳಕು ಬಿದ್ದಿದೆ ಅನ್ನಿಸಿ
ಹಾಗೇ ಬಿಟ್ಟೆ.
ಪರೀಕ್ಷಕರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ
ಪಕ್ಕದಲ್ಲಿ ಬರೆದಿದ್ದರು: ಅಪೂರ್ಣ.
ಅರ್ಧ ಅಂಕ ಹೋಯಿತಂತೆ.
ಹುಡುಗನಿಗೆ ಇಪ್ಪತ್ತು ರೂಪಾಯಿ ವಾಪಸು ಕೊಟ್ಟೆ,
ಪುಟವನ್ನು ಕೇಳಿ ತೆಗೆದುಕೊಂಡೆ.