ಸೋರುವ ಕುಡಿಕೆ

ಜೀಪು ಹಳ್ಳಕ್ಕಿಳಿದು ಎದ್ದಾಗಲೇ ಸದ್ದು ಕೇಳಿತ್ತು.
ಪೆಟ್ಟಿಗೆ ತೆರೆದರೆ ನಾಲ್ಕರಲ್ಲಿ ಮೂರು ಕುಡಿಕೆ ಚೂರು,
ಹುಲ್ಲಿನ ಮೇಲೆಲ್ಲ ಮೈಲುತುತ್ತದ ನೀಲಿ.
ಹೊಸವು ಹೈದರಾಬಾದಿನಿಂದ ಬರಬೇಕು, ಹದಿನೈದು ದಿನ.
ಚಿಕ್ಕನಾಯಕನಹಳ್ಳಿಯ ಪೇಟೆಯಲ್ಲಿ
ಉಪ್ಪು ಸಿಕ್ಕಿತು, ಹಗ್ಗ ಸಿಕ್ಕಿತು, ಬ್ಯಾಟರಿಗೆ ನೀರು ಸಿಕ್ಕಿತು;
ತಾಮ್ರ ಹುಡುಕುವ ಕುಡಿಕೆ ಎಲ್ಲಿ ಎಂದು ಯಾರನ್ನು ಕೇಳಲಿ?

ಕೇಬಲ್ ಹೊರುವ ಚಿತ್ರಲಿಂಗ ಹೇಳಿದ:
‘ಕಂಚುಗಾರನಹಟ್ಟೀಲಿ ಗಂಗಹನುಮಕ್ಕ ಇದಾಳೆ ಮೇಡಂ,
ಈ ಸೀಮೆಗೆ ಉಳಿದಿರೋ ತಿಗರಿ ಅವಳದೊಂದೇ.’

ಅವಳಿಗೆ ಬಿಡಿಸಿ ಹೇಳಿದೆ:
ಗೇಣುದ್ದ, ಅಂಗೈಯಷ್ಟು ಬಾಯಿ,
ಬಣ್ಣ ಬೇಡ, ಮೆರುಗು ಬೇಡ.
ಒಳಗೆ ತಾಮ್ರದ ಕಡ್ಡಿ, ಸುತ್ತ ಮೈಲುತುತ್ತದ ನೀರು.
ತಳ ಸೋರಬೇಕು.
ಸುರಿಯಬಾರದು, ಸೋರಬೇಕು,
ಮಣ್ಣಿಗೂ ತಂತಿಗೂ ನಡುವೆ ಒಂದು ತೇವ,
ಅಷ್ಟೇ.

ಅವಳು ಸೊಂಟಕ್ಕೆ ಕೈಯಿಟ್ಟು ನಕ್ಕಳು.
‘ನಲವತ್ತು ವರ್ಷ ಸೋರುತ್ತೆ ಅಂತ ಜಗಳ ತಂದರು,
ಸೋರೋದೇ ಬೇಕು ಅಂದೋಳು ನೀನೇ ಮೊದಲು.’
ಆಮೇಲೆ, ಮಣ್ಣು ಮಿದಿಯುತ್ತ, ನನ್ನತ್ತ ನೋಡದೆ:
‘ಸೋರದ ಮಡಕೇಲಿ ನೀರು ತಣ್ಣಗಾಗಲ್ಲ, ಗೊತ್ತಾ.’

ಐದನೇ ದಿನ ಆವಿಗೆ ಬಿಚ್ಚಿದಳು. ಮೂರು ಕುಡಿಕೆ, ಬೂದಿ ವಾಸನೆ.
ಒಂದರ ತಳದಲ್ಲಿ ಅವಳ ಹೆಬ್ಬೆರಳ ಗುರುತು.

ಗುಡ್ಡದ ಇಳಿಜಾರಿನಲ್ಲಿ ಪಡುವಣಕ್ಕೆ ಗೆರೆ ಎಳೆದೆವು,
ಇಪ್ಪತ್ತು ಮೀಟರಿಗೊಂದು ಗೂಟ, ಗೂಟಕ್ಕೊಂದು ಕೆಂಪು ಚಿಂದಿ.
ಚಿತ್ರಲಿಂಗ ಉಕ್ಕಿನ ಸಲಾಕೆ ಬಡಿದು ಉಪ್ಪುನೀರು ಹೊಯ್ದ,
ಜಾಲಿಮುಳ್ಳಿನ ಆಚೆಯಿಂದ ಕೈ ಎತ್ತಿದ.
ಕರೆಂಟು ಹರಿಸಿದೆ.
ಎರಡು ಸೆಕೆಂಡು. ಕಡಿದೆ.

ನನ್ನ ಕೆಲಸ ಶುರುವಾಗುವುದು ಕಡಿದ ಮೇಲೆ.
ಬರಿಯ ಕಲ್ಲಾದರೆ ಹಳೇ ಯಂತ್ರದ ಮುಳ್ಳು ಥಟ್ಟನೆ ಸೊನ್ನೆಗೆ ಬೀಳುತ್ತದೆ,
ಬಾಗಿಲು ಹಾಕಿಕೊಂಡವರ ಹಾಗೆ.
ಕಲ್ಲಿನೊಳಗೆ ಲೋಹದ ಕಣ ಚದುರಿದ್ದರೆ
ಇಳಿಯಲೋ ಬೇಡವೋ ಎಂದು ಇಳಿಯುತ್ತದೆ,
ಬಸ್ಸು ಹೊರಟ ಮೇಲೂ ಕೈ ಬೀಸುತ್ತ ನಿಂತವರ ಹಾಗೆ.
ಆ ತಡವನ್ನು ಅಳೆದು ಪುಸ್ತಕದಲ್ಲಿ ಬರೆಯುವುದಕ್ಕೆ
ಸರ್ಕಾರ ನನಗೆ ಸಂಬಳ ಕೊಡುತ್ತದೆ.

ಹಟ್ಟಿಯವರು ಬಂದರು. ಕುರಿ ಬಂದವು, ಕೇಬಲ್ ಮೂಸಿದವು.
‘ನಿಧಿಯಾ?’ ‘ಅಲ್ಲ.’
‘ಬೋರಿಗೆ ಪಾಯಿಂಟಾ?’ ‘ಅಲ್ಲ.’
‘ಮತ್ತೆ ಮಣ್ಣಿಗೆ ಶಾಕ್ ಯಾಕೆ ಕೊಡ್ತೀರಿ?’
ಪಾಲಾಕ್ಷಯ್ಯ ತನ್ನ ತೆಂಗಿನಕಾಯಿ ತಂದ,
ಅಂಗೈ ಮೇಲೆ ಮಲಗಿಸಿ ನಮ್ಮ ಗೆರೆಯುದ್ದಕ್ಕೂ ನಡೆದ.
ಏಳನೇ ಗೂಟದ ಹತ್ತಿರ ಕಾಯಿ ಎದ್ದು ನಿಂತಿತು.
ಏಳನೇ ಗೂಟದ ಹತ್ತಿರವೇ ನನ್ನ ಮುಳ್ಳೂ ತಡೆದಿತ್ತು.
ಇದನ್ನು ವರದಿಯಲ್ಲಿ ಬರೆಯಲಿಲ್ಲ.

ಮರುದಿನ ನೂರು ಮೀಟರಿನ ತಂತಿಯ ಚೌಕ ಹಾಸಿದೆವು,
ರಾಗಿ ಹೊಲದ ಬದು ದಾಟಿಸಿ.
ಮೇಲಿನ ತಂತಿ ಸುಮ್ಮನಾದರೂ ಕೆಳಗೆ
ಕಾಣದ ಸುಳಿಯೊಂದು ತಿರುಗಿ ತಿರುಗಿ ಆರುತ್ತದೆ;
ಬೇಗ ಆರಿದರೆ ಜೇಡಿ, ನಿಧಾನಕ್ಕೆ ಆರಿದರೆ ಆಸೆ.
ಏಳರ ಕೆಳಗೆ ಅದು ಬಹಳ ಹೊತ್ತು ತಿರುಗಿತು,
ಗಂಗಹನುಮಕ್ಕ ಕೈ ತೆಗೆದ ಮೇಲಿನ ತಿಗರಿಯಂತೆ.

ಅಷ್ಟು ಸಾಕಾಗಿತ್ತು. ಮಾಗಿಯಲ್ಲಿ ಡ್ರಿಲ್ ಬಂತು.
ತೊಂಬತ್ತೊಂದು ಮೀಟರಿಗೆ ಕಲ್ಲಿನ ಕೋಲು ಕಪ್ಪಗೆ ಹೊರಬಂತು.
ಬೆರಳಲ್ಲಿ ಉಜ್ಜಿದೆ: ಪೆನ್ಸಿಲ್ಲಿನ ಕಪ್ಪು.
ಗ್ರಾಫೈಟು. ಅದೂ ಕರೆಂಟು ಹಿಡಿಯುತ್ತದೆ,
ಅದೂ ಬಿಡಲು ತಡಮಾಡುತ್ತದೆ,
ಅದೂ ಲೋಹದ ಹಾಗೆಯೇ ಸುಳ್ಳು ಹೇಳುತ್ತದೆ.
ಇಲ್ಲ, ಅದು ಏನೂ ಹೇಳಲಿಲ್ಲ. ಕೇಳಿಸಿಕೊಂಡವಳು ನಾನು.
ನಡುವೆ ಒಂದೆಡೆ, ಉಗುರಿನಷ್ಟು, ಹಿತ್ತಾಳೆಯ ಮಿಂಚು.
ಚಿತ್ರಲಿಂಗ ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿ
ಪೆಟ್ಟಿಗೆಯಲ್ಲಿ ಅದರ ಜಾಗದಲ್ಲೇ ಇಟ್ಟ.

ಹೊರಡುವ ದಿನ ಗಂಗಹನುಮಕ್ಕ ಕುಡಿಕೆ ವಾಪಸು ಕೇಳಿದಳು,
ನೀಲಿ ಚೆನ್ನಾಗಿ ಹಿಡಿದಿದೆ, ಉಪ್ಪಿಗಾಗುತ್ತೆ ಅಂತ.
ವಿಷ ಅಕ್ಕ, ಅಂದೆ.
ಅವಳೇ ಒಂದೊಂದಾಗಿ ಒಡೆದಳು,
ಹೆಬ್ಬೆರಳ ಗುರುತಿನದನ್ನು ಕೊನೆಗೆ.
ಏಳನೇ ಗೂಟ ಕಿತ್ತಲ್ಲಿ ಮೊಣಕಾಲಾಳ ತೋಡಿ ಚೂರು ಹಾಕಿ ಮುಚ್ಚಿದೆವು.
ಮುಂದೆ ಯಾರಾದರೂ ಇಲ್ಲಿ ಸಲಾಕೆ ಬಡಿದು ಉಪ್ಪುನೀರು ಹೊಯ್ದರೆ
ಮೂರು ಕುಡಿಕೆ ಹೀರಿದಷ್ಟು ತಾಮ್ರ ಸಿಕ್ಕೀತು.