ಆರನೇ ದರ್ಜೆಗೆ ಅರ್ಜಿ

ಅನುಭವ, ಅಂತ ಕೇಳಿದ್ದೀರಿ.
ಬಿಟ್ಟಿರುವ ಜಾಗ ಒಂದೂವರೆ ಗೆರೆ.
ಹನ್ನೊಂದು ಚಳಿಗಾಲ ಎಂದು ಬರೆದೆ.
ಯಾನಾ ನದಿಯ ದಂಡೆಯಲ್ಲಿ
ವರ್ಷ ಎಣಿಸಿದರೆ ಲೆಕ್ಕ ತಪ್ಪುತ್ತದೆ;
ಬೇಸಿಗೆಯಲ್ಲಿ ಬಣ್ಣ ಬಳಿಯುತ್ತೇವೆ, ಸೊಳ್ಳೆ ಹೊಡೆಯುತ್ತೇವೆ,
ದೋಣಿ ತಂದ ಕಲ್ಲಿದ್ದಲನ್ನು ಗುಡ್ಡೆ ಹಾಕುತ್ತೇವೆ.

ಕೌಶಲ, ಅಂತ ಇನ್ನೊಂದು ಕಾಲಮ್ಮು.
ಸ್ಪ್ಯಾನರ್ ಹಿಡಿಯಬಲ್ಲೆ.
ಮೊದಲ ದಿನ ಬ್ಯೋತೂರ್ ಅಜ್ಜ ಅದನ್ನೂ ಮುಟ್ಟಗೊಡಲಿಲ್ಲ.
ಉದ್ದನೆಯ ಸ್ಕ್ರೂಡ್ರೈವರೊಂದರ
ತುದಿಯನ್ನು ಪಂಪಿನ ಮೈಗೆ, ಹಿಡಿಯನ್ನು ನನ್ನ ಕಿವಿಗೆ ಒತ್ತಿ
ಏನು ಕೇಳುತ್ತೆ? ಅಂದ.
ಸದ್ದು, ಅಂದೆ.
ಹಾಗಾದರೆ ನಾಳೆ ಬಾ, ಅಂದ.

ಹದಿನೇಳು ನಾಳೆಗಳು ಕಳೆದವು.
ಆಮೇಲೊಂದು ದಿನ ಸದ್ದಿನೊಳಗೆ
ಒಣರೊಟ್ಟಿ ಅಗಿದಂಥ ಇನ್ನೊಂದು ಸದ್ದು.
ಬೇರಿಂಗು, ಅಂದೆ.
ಅಜ್ಜ ಏನೂ ಅನ್ನದೆ
ತನ್ನ ಚಹಾದಲ್ಲಿ ಅರ್ಧ ನನಗೆ ಸುರಿದ.

ಬೋಲ್ಟುಗಳನ್ನು ಸಾಲಾಗಿ ಬಿಗಿಯುವುದಿಲ್ಲ, ಎದುರುಬದುರು,
ಮುನಿಸಿಕೊಂಡ ಅಣ್ಣತಮ್ಮಂದಿರಿಗೆ ಮಾಂಸ ಹಂಚಿದಂತೆ:
ಇವನಿಗಿಷ್ಟು, ಎದುರಿನವನಿಗಿಷ್ಟು, ಮತ್ತೆ ಇವನಿಗೆ.

ಸೋರುವ ಆವಿ ಕಣ್ಣಿಗೆ ಕಾಣದು.
ಬೆಳ್ಳಗೆ ಕಾಣುವುದು ಆಗಲೇ ಅರ್ಧ ತಣಿದದ್ದು.
ಪೊರಕೆ ಹಿಡಿದು ಹುಡುಕಬೇಕು;
ಕಡ್ಡಿ ತುಂಡಾದ ಜಾಗವೇ ಜಾಗ.
ಇದನ್ನು ಕಲಿಸಿದವನ ಎಡಗೈಯಲ್ಲಿ ಮೂರೇ ಬೆರಳು.

ನೀವು ಕೇಳದ್ದು ಒಂದಿದೆ.

ಆರನೆಯ ಚಳಿಗಾಲ, ಜನವರಿ, ಮೈನಸ್ ಐವತ್ತಾರು.
ರಾತ್ರಿ ಎರಡೂವರೆ. ಒಬ್ಬಳೇ.
ಜೊಂಪು ಹತ್ತಿತ್ತು, ಅದನ್ನೂ ಬರೆದುಕೊಳ್ಳಿ.
ನಿಂತ ಪಂಪಿನ ಮೌನಕ್ಕೆ ಎಚ್ಚರವಾಯಿತು.
ಮಟ್ಟ ತೋರಿಸುವ ಗಾಜಿನಲ್ಲಿ ನೀರಿಲ್ಲ.
ಕೊಳೆ ಕಟ್ಟಿರಬಹುದೆಂದು ನಲ್ಲಿ ತಿರುಗಿಸಿದೆ:
ಬರೀ ಆವಿ.
ಕುಲುಮೆ ಉರಿಯುತ್ತಿದೆ,
ಒಳಗೆ ಕಬ್ಬಿಣ ಬಾಯಾರಿದೆ,
ಬದಲಿ ಪಂಪು ಸಿದ್ಧವಿದೆ,
ನೀರಿನ ವಾಲ್ವು ಒಂದು ಮೊಳ ದೂರ.

ಬಾಯಾರಿದವರಿಗೆ ನೀರು ಕೊಡು ಎಂದೇ ಅಲ್ಲವೇ
ಎಲ್ಲ ತಾಯಂದಿರೂ ಕಲಿಸಿರುವುದು?
ಕೈ ತಾನಾಗಿ ಚಾಚಿತು.
ಚಕ್ರದ ಮೇಲೆ ಬೆರಳುಗಳು ಮಡಚಿಯೂ ಆಗಿತ್ತು.
ಕೆಂಪಗೆ ಕಾದ ಕೊಳವೆಗೆ ಬಿದ್ದ ನೀರು
ನೀರಾಗಿ ಉಳಿಯುವುದಿಲ್ಲ;
ಗೋಡೆ ಹೋಗುತ್ತದೆ, ಚಾವಣಿ ಹೋಗುತ್ತದೆ,
ನಾನು ಹೋಗುತ್ತೇನೆ, ಬೆಳಗಾಗುವಷ್ಟರಲ್ಲಿ ಊರು.

ಕೈ ತೆಗೆದೆ.
ಗಾಳಿ ನಿಲ್ಲಿಸಿ, ಕೆಂಡವನ್ನೆಲ್ಲ ಕೆದಕಿ ನೆಲಕ್ಕೆ ಎಳೆದೆ.
ಸೈರನ್ ಒತ್ತಿದೆ.

ಎರಡನೆಯ ಬಾಯ್ಲರ್ ಬಿಸಿಯಾಗುವವರೆಗೆ
ಶಾಲೆಯ ಮೇಷ್ಟರು ಅಫನಾಸಿ
ಪೈಪುಗಳಿಗೆ ಹಿಮಸಾರಂಗದ ಚರ್ಮ ಸುತ್ತಿದರು.
ಅಂಚೆಕಚೇರಿಯ ಮಾತ್ರೋನಾ ಎಂಟು ಮಕ್ಕಳನ್ನು
ಕೊಟ್ಟಿಗೆಗೆ ಒಯ್ದು ಹಸುಗಳ ಹೊಟ್ಟೆಗೆ ಒರಗಿಸಿ ಮಲಗಿಸಿದಳು.
ಆಸ್ಪತ್ರೆಯ ಎರಡು ರೇಡಿಯೇಟರ್ ಒಡೆದವು.
ಅವನ್ನು ನನ್ನ ಸಂಬಳದಲ್ಲಿ ಮುರಿದುಕೊಂಡಿರಿ, ದಾಖಲೆ ನಿಮ್ಮಲ್ಲೇ ಇದೆ.

ಬೆಳಿಗ್ಗೆ ಬ್ಯೋತೂರ್ ಅಜ್ಜ ಕೋಲೂರಿಕೊಂಡು ಬಂದ.
ಖಾಲಿ ಗಾಜನ್ನು ನೋಡಿದ.
ಮುಚ್ಚಿದ್ದ ವಾಲ್ವನ್ನು ನೋಡಿದ.
ಚಕ್ರದ ಮಸಿಯಲ್ಲಿ ನಾಲ್ಕು ಬೆರಳ ಗುರುತು.
ಯಾರೂ ಕಾಣುವ ಮೊದಲೇ
ಕೋಟಿನ ತೋಳಿನಿಂದ ಒರೆಸಿಹಾಕಿದ.

ಇದು ಯಾವ ಕಾಲಮ್ಮಿಗೆ ಸೇರುತ್ತದೋ ತಿಳಿಯದೆ
ಹಾಳೆಯ ಹಿಂದೆ ಬರೆದಿದ್ದೇನೆ.
ಪ್ರಮಾಣಪತ್ರ, ಎರಡು ಫೋಟೊ ಲಗತ್ತಿಸಿದೆ.
ದರ್ಜೆ ಕೊಡಿ, ಬಿಡಿ,
ಮೂರನೆಯ ಪಂಪಿಗೊಂದು ಬೇರಿಂಗು ಬೇಗ ಕಳಿಸಿ.
ನವೆಂಬರಿನಿಂದ ರೊಟ್ಟಿ ಅಗಿಯುತ್ತಿದೆ.

ಸಹಿ: ಕ್ಯುನ್ನೈ, ರಾತ್ರಿ ಪಾಳಿ.