ಲಿವರ್ ತಾನಾಗಿ ಹಿಂದೆ ಬಂದರೆ

ರಾತ್ರಿ ಎರಡರಿಂದ ಆರರವರೆಗೆ ಬಾಡಿಗೆ ಕಡಿಮೆ;
ಅದಕ್ಕೇ ನಮಗೆ ಸಿಕ್ಕಿದ್ದು ಆ ಹೊತ್ತು.
ವಿಲ್ನಿಯಸ್ಸಿನ ಹೊರವಲಯ, ಕಣಕಾಲು ಮುಳುಗುವ ಹಿಮ,
ಶೆಡ್ಡಿನೊಳಗೆ ಆರು ಕಾಲಿನ ಮೇಲೆ ನಿಂತ ಬಿಳಿ ಡಬ್ಬಿ.
ಅದೇ ನಮ್ಮ ವಿಮಾನ, ಅದರೊಳಗೇ ಆಕಾಶ.

ಬಲಗಡೆ ಡೊಮಾಂತಾಸ್, ಎಡಗಡೆ ನಾನು.
ಬೆನ್ನ ಹಿಂದೆ ಕತ್ತಲಲ್ಲಿ ರಿಮ್ವಿದಾಸ್ ಮೇಷ್ಟ್ರು
ಫ್ಲಾಸ್ಕಿನ ಬಿರಡೆ ತಿರುವುತ್ತ ಕೂತ ಸದ್ದು.
ಆ ಸದ್ದು ನಿಂತರೆ ಏನೋ ಕೆಡಲಿದೆ ಎಂದರ್ಥ;
ಎರಡು ವಾರದಲ್ಲಿ ಅಷ್ಟನ್ನಂತೂ ಕಲಿತಿದ್ದೆವು.

ಸದ್ದು ನಿಂತಿತು.
ನೆಲ ಬಿಟ್ಟು ಒಂಬೈನೂರು ಅಡಿ.
ಎಡಗಡೆಯಿಂದ ಯಾರೋ ಜುಟ್ಟು ಹಿಡಿದೆಳೆದ ಹಾಗೆ
ಮೂತಿ ಸೊಟ್ಟ, ದಿಗಂತ ಓರೆ, ಕುರ್ಚಿ ಗದಗದ,
ಕಣ್ಣೆದುರು ಒಂದು ಪುಟ್ಟ ಹಳದಿ ದೀಪ:
ನೆಲ ಮುಟ್ಟಿದ ಮೇಲೆ ತೆರೆಯಬೇಕಾದ ರಿವರ್ಸರಿನ ಬಾಗಿಲು
ಗಾಳಿಯಲ್ಲೇ ತೆರೆದಿದೆ;
ಹಿಂದಕ್ಕೆ ಉಸಿರಬೇಕಾದ ಇಂಜಿನ್
ಮುಂದಕ್ಕೆ ಉಸಿರುತ್ತಿದೆ.

ಆಗಲೇ, ನನ್ನ ಅಂಗೈಯ ಕೆಳಗೆ,
ಎಡ ಲಿವರ್ ತಾನಾಗಿ ಹಿಂದಕ್ಕೆ ಸರಿಯಿತು.
ತಳ್ಳಿದೆ.
ಮತ್ತೆ ಸರಿಯಿತು. ಹಲ್ಲು ಕಚ್ಚಿ ಮತ್ತೆ ತಳ್ಳಿದೆ.
ಏರುವಾಗ ಬಲ ಬೇಕಲ್ಲವೇ,
ಬಲವೆಂದರೆ ಮುಂದಕ್ಕೇ ಅಲ್ಲವೇ?
ಕಿಟಕಿಯ ತುಂಬ ಪೈನ್ ಮರಗಳ ತುದಿ.
ಆಮೇಲೆ ಕೆಂಪು ಪರದೆ.
ಸಿಮ್ಯುಲೇಟರಿನಲ್ಲಿ ಸತ್ತರೆ ಕೆಂಪು ಬಣ್ಣ ಬರುತ್ತದೆ, ಅಷ್ಟೆ.
ಬೆವರು ಮಾತ್ರ ನಿಜ.

ಮೇಷ್ಟ್ರು ಬೈಯಲಿಲ್ಲ. ಕಪ್ಪು ಬ್ರೆಡ್ಡಿನ ಚೂರೊಂದನ್ನು ಚಾಚಿ ಕೇಳಿದರು:
"ಯಾರ ಜೊತೆ ಕುಸ್ತಿಗೆ ಬಿದ್ದಿದ್ದೆ, ಉಗ್ನೆ?
ಬಾಗಿಲು ತೆರೆದದ್ದು ತಿಳಿದ ಕೂಡಲೇ
ವಿಮಾನವೇ ಆ ಲಿವರನ್ನು ಹಿಂದೆಳೆಯುತ್ತದೆ,
ಆ ಕೆಟ್ಟ ಉಸಿರು ಕಮ್ಮಿಯಾಗಲಿ ಅಂತ.
ಉಳಿಸಲು ಬಂದ ಕೈಯನ್ನೇ
ಎರಡು ಸಲ ತಿರುಚಿದೆಯಲ್ಲ."

ನನ್ನ ಹೆಸರಿಗೆ ಬೆಂಕಿ ಎಂದು ಅರ್ಥ. ಅಜ್ಜಿ ಇಟ್ಟದ್ದು.
ಹಿಂದೆ ಸರಿ ಅಂತ ಬೆಂಕಿಗೆ ಯಾರು ಹೇಳಿದ್ದಾರೆ?
ತರಬೇತಿಯ ಸಾಲಕ್ಕೆ ರುಜು ಹಾಕುವಾಗ
ಅಮ್ಮ ಅಂದದ್ದೂ ಒಂದೇ ಮಾತು:
ಹಿಡಿದದ್ದನ್ನು ಬಿಡಬೇಡ.
ಬಿಡುವುದು ಹೇಗೆಂದು ಈ ಕೈಗೆ
ಇಪ್ಪತ್ತಾರು ವರ್ಷ ಯಾರೂ ಕಲಿಸಿರಲಿಲ್ಲ.

"ಇನ್ನೊಂದು ಸಲ."
ಬಿರಡೆ ತಿರುಗಿತು, ತಿರುಗಿತು, ನಿಂತಿತು.
ಜುಟ್ಟು. ಗದಗದ. ಹಳದಿ ದೀಪ.
ಬಲಗಾಲು ರಡ್ಡರಿನ ಮೇಲೆ, ಮೊಣಕಾಲು ನಡುಗುವಷ್ಟು;
ಮೂತಿ ತುಸು ಕೆಳಗೆ, ವೇಗ ಉಳಿಯಲಿ.
ಲಿವರ್ ಹಿಂದೆ ಬಂತು.
ಅಂಗೈ ಬಿಚ್ಚಿದೆ. ಬಂದಷ್ಟೂ ಬರಲಿ.
"ಎಡ?" ಎಂದೆ.
ಇಲ್ಲಿ ಅವಸರಪಟ್ಟವರು
ಚೆನ್ನಾಗಿರುವ ಇಂಜಿನ್ನನ್ನೇ ಆರಿಸಿಬಿಡುತ್ತಾರಂತೆ.
ಡೊಮಾಂತಾಸ್ ಬೆರಳಿಟ್ಟು ನೋಡಿದ, ದೀಪ ನೋಡಿದ,
ಮತ್ತೆ ಬೆರಳನ್ನು ನೋಡಿದ.
ಅಷ್ಟು ಹೊತ್ತೂ ಇಡೀ ವಿಮಾನ ನನ್ನ ಒಂದು ಕಾಲಿನ ಮೇಲೆ.
"ಎಡ," ಎಂದ.
ಆರಿಸಿದೆವು.
ಉಳಿದ ಒಂದೇ ಇಂಜಿನ್, ಏದುಸಿರಿನ ಏರಿಕೆ,
ಪೈನ್ ತುದಿಗಳು ಹೊಟ್ಟೆಯ ಕೆಳಗೆ ಒಂದೊಂದಾಗಿ ಹಾದವು.
ಯಾರೂ ಶಹಭಾಸ್ ಅನ್ನಲಿಲ್ಲ.
ಹಿಂದೆ ಲೋಟಕ್ಕೆ ಟೀ ಬಿದ್ದ ಸದ್ದು.

ಬೆಳಗಿನ ಆರು, ಇನ್ನೂ ಕತ್ತಲು.
ಮೇಷ್ಟ್ರ ಹಳೆಯ ಕಾರಿಗೆ ಅಕ್ಟೋಬರಿನಿಂದ ರಿವರ್ಸ್ ಗೇರ್ ಬೀಳುತ್ತಿಲ್ಲ;
ಅದಕ್ಕೇ ಯಾವಾಗಲೂ ಮೂತಿ ಹೊರಗೆ ಮಾಡಿ ನಿಲ್ಲಿಸುತ್ತಾರೆ.
ಇವತ್ತು ಅದರ ಮೂತಿಗೇ ಅಂಟಿದಂತೆ ಯಾರದೋ ವ್ಯಾನು.
"ಮೇಲಿದ್ದಾಗ ಬೇಡವೆಂದರೂ ಬೀಳುತ್ತೆ,
ಇಲ್ಲಿ ಬೇಡಿಕೊಂಡರೂ ಬೀಳಲ್ಲ,"
ಗೊಣಗುತ್ತ ಸ್ಟಿಯರಿಂಗ್ ಹಿಡಿದು ಕೂತರು.
ವ್ಯಾನಿಗೂ ಕಾರಿಗೂ ನಡುವೆ ನಾವಿಬ್ಬರು ತೂರಿಕೊಂಡು
ಬಾನೆಟ್ಟಿಗೆ ಕೈ ಕೊಟ್ಟೆವು.
ನನ್ನ ಗ್ಲೌಸು ಒಳಗೇ ಉಳಿದಿತ್ತು; ಲೋಹ ಅಂಗೈಯನ್ನು ಕಚ್ಚಿತು.

"ಹಿಂದಕ್ಕೆ?" ಕೇಳಿದ ಡೊಮಾಂತಾಸ್.
"ಹಿಂದಕ್ಕೆ," ಎಂದೆ.
ಹಿಮದಲ್ಲಿ ಚಕ್ರ ಒಂದು ಗೇಣು ಹೊರಳಿತು.